ನಾನು ತೆರೆಸದ ಬಾಯಿ

ಆ ಭಾನುವಾರ ನಾನು ಒಂದು ಮದುವೆಗೆ ಹೊರಟಿದ್ದೆ. ಸೀರೆ ಉಟ್ಟಾಗಿತ್ತು, ಕೆಳಗೆ ರಿಕ್ಷಾ ಬಂದು ನಿಂತಿತ್ತು. ಮನೆಗೆಲಸದವಳು ಅಡುಗೆಮನೆಯ ಬಾಗಿಲಿಗೆ ಬಂದು, "ಅಕ್ಕಾರ, ಕೂಸಿನ ದವಡಿ ಬಾತೈತ್ರಿ. ನಿನ್ನಿಯಿಂದ ಏನೂ ತಿಂದಿಲ್ಲ," ಎಂದಳು.

ಅವಳ ನಾಲ್ಕೂವರೆ ವರ್ಷದ ಮಗಳು ನಮ್ಮ ಅತ್ತೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಬಗ್ಗಿ ಎರಡು ಬೆರಳಿನಿಂದ ಕೆನ್ನೆ ಮುಟ್ಟಿದೆ. ಬಲಗಡೆಯ ಕೆಳದವಡೆಯಲ್ಲಿ ನೆಲ್ಲಿಕಾಯಿಯಷ್ಟು ಬಾವು, ಸ್ವಲ್ಪ ಬಿಸಿ. ಹಲ್ಲಿನದೇ ಇರಬೇಕು ಅಂದುಕೊಂಡೆ. ಲಗ್ನಪತ್ರಿಕೆಯ ಲಕೋಟೆಯ ಹಿಂದೆ ಸಿರಪ್ಪಿನ ಹೆಸರು ಬರೆದು, ಎಷ್ಟು ಹೊತ್ತಿಗೆ ಎಷ್ಟು ಕೊಡಬೇಕೆಂದು ಹೇಳಿ, "ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಬಾ, ನೋಡುತ್ತೇನೆ," ಎಂದೆ. ಅಷ್ಟಕ್ಕೆಲ್ಲ ಎರಡು ನಿಮಿಷವೂ ಹಿಡಿಯಲಿಲ್ಲ.

ಬಾಯಿ ತೆರೆಸಲಿಲ್ಲ. ನಾನು ಮಕ್ಕಳ ಹಲ್ಲಿನ ಡಾಕ್ಟರು. ಬಾವು ಕಂಡರೆ ಮೊದಲು ಬಾಯಿಯೊಳಗೆ ನೋಡಿ, ಹೊರಗಿನದು ಆಮೇಲೆ, ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿಕೊಡುವವಳು. ಟಾರ್ಚು ಪರ್ಸಿನಲ್ಲೇ ಇತ್ತು.

ನಾವಿರುವುದು ಮುಲುಂಡ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ. ನನ್ನ ಕೆಲಸ ಅಂಧೇರಿಯ ಒಂದು ಆಸ್ಪತ್ರೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಘಾಟ್ಕೋಪರ್‌ವರೆಗೆ ಲೋಕಲ್ ರೈಲು, ಅಲ್ಲಿಂದ ಮೆಟ್ರೋ. ಹಿಂದೆ ಬರುವಾಗ ಏಳೂವರೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹಗಲು ಅವರೊಬ್ಬರನ್ನೇ ಬಿಡುವ ಹಾಗಿರಲಿಲ್ಲ. ಯಾದಗಿರಿ ಕಡೆಯ ಈ ಹೆಂಗಸು ಒಂಬತ್ತರಿಂದ ಎರಡರವರೆಗೆ ಇರಲು ಒಪ್ಪಿದಳು. "ಕೂಸಿನ್ನ ಕರ್ಕೊಂಡು ಬರ್ತೀನ್ರಿ, ಬಿಡಾಕ ಯಾರೂ ಇಲ್ಲ," ಎಂದಿದ್ದಳು. ಆಗ ಮಗುವಿಗೆ ಮೂರು ತುಂಬಿರಲಿಲ್ಲ. ನನಗಿಂತ ಮೊದಲು ಅತ್ತೆಯೇ, "ಬರ್ಲಿ ಬರ್ಲಿ, ನನಗೂ ಒಂದು ಜೊತೆ ಆಯ್ತು," ಎಂದಿದ್ದರು.

ಹಾಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಹುಡುಗಿ ದಿನಾ ನಮ್ಮ ಮನೆಗೆ ಬಂದಳು. ನಾನು ಅವಳನ್ನು ಕಾಣುತ್ತಿದ್ದುದು ಭಾನುವಾರ ಮಾತ್ರ. ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ನಾಚಿಕೆಯ ಮಗು ಅಂದುಕೊಂಡಿದ್ದೆ.

ಬುಧವಾರ ಹನ್ನೊಂದರ ಹೊತ್ತಿಗೆ ಓಪಿಡಿಯಲ್ಲಿರುವಾಗ ಅತ್ತೆಯ ಫೋನು. "ಮಗು ಜೊಲ್ಲು ಸುರಿಸ್ತಾ ಉಂಟು ಮಾರಾಯ್ತಿ. ನುಂಗ್ಲಿಕ್ಕೆ ಆಗುದಿಲ್ಲ ಅದಕ್ಕೆ. ಸ್ವರ ಎಂತದೋ ಆಗಿದೆ."

ಜೊಲ್ಲು, ನುಂಗಲಾಗದಿರುವುದು, ಸ್ವರ ಬದಲಾಗಿರುವುದು. ಈ ಮೂರು ಒಟ್ಟಿಗೆ ಬಂದರೆ ಕೀವು ದವಡೆ ಬಿಟ್ಟು ನಾಲಿಗೆಯ ಕೆಳಗೆ, ಗಂಟಲಿನ ಕಡೆಗೆ ಇಳಿಯುತ್ತಿದೆ ಎಂದು ಅರ್ಥ. ರಿಕ್ಷಾ ಹಿಡಿದು ನೇರ ಅಂಧೇರಿಗೆ ಬರಲು ಹೇಳಿದೆ. ಮುಲುಂಡ್‌ನಲ್ಲೇ ಹತ್ತು ನಿಮಿಷದ ದಾರಿಯಲ್ಲಿ ಒಳ್ಳೆಯ ಆಸ್ಪತ್ರೆಗಳಿದ್ದವು. ನನ್ನ ಕೈಯಲ್ಲೇ ಇರಲಿ ಎಂಬ ಯೋಚನೆ ಆಗ ಸರಿ ಎನಿಸಿತ್ತು. ಅವರು ಪವಾಯಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಬಂದು ಸೇರಲು ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ನಾನು ಗೇಟಿನಲ್ಲಿ ನಿಂತು ಬರುವ ಪ್ರತಿ ರಿಕ್ಷಾದೊಳಗೂ ಇಣುಕುತ್ತಿದ್ದೆ.

ಹುಡುಗಿಯ ಅಪ್ಪ ಪವಾಯಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದವನು ದಾರಿಯಲ್ಲೇ ರಿಕ್ಷಾ ಹತ್ತಿದ್ದ. ಅವನ ತೋಳಿನ ಸಿಮೆಂಟು ಮಗುವಿನ ಕೂದಲಿಗೂ ಅಂಟಿತ್ತು. ಮಗು ಕತ್ತು ಮುಂದೆ ಚಾಚಿ ಕೂತಿತ್ತು. ಮಲಗಿಸಲು ಹೋದರೆ ಉಸಿರು ಕಟ್ಟಿ ಎದ್ದುಬಿಡುತ್ತಿತ್ತು. ದವಡೆಯ ಕೆಳಗಿನ ಬಾವು ಕಲ್ಲಿನಂತೆ ಗಟ್ಟಿ. ಬಾಯಿ ನನ್ನ ಕಿರುಬೆರಳಿನಷ್ಟೂ ತೆರೆಯಲಿಲ್ಲ.

ಅರಿವಳಿಕೆಯ ಡಾಕ್ಟರು ನನಗಿಂತ ಹತ್ತು ವರ್ಷ ಹಿರಿಯರು, ಮಾತು ಕಡಿಮೆ. ಮಗುವನ್ನು ಒಮ್ಮೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ನಿದ್ದೆ ಬರಿಸಿದ ಮೇಲೆ ಉಸಿರಿನ ದಾರಿ ಸಿಗದೇ ಹೋಗಬಹುದು. ಗಂಟಲಿನ ಸರ್ಜನ್ ಕೈ ತೊಳೆದುಕೊಂಡು ಪಕ್ಕದಲ್ಲೇ ನಿಂತಿರಬೇಕು. ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳಿ ಸಹಿ ತೆಗೆದುಕೊ," ಎಂದರು.

ಹೇಳಿದೆ. ಕೀವು ತೆಗೆಯದಿದ್ದರೆ ಉಸಿರು ನಿಲ್ಲಬಹುದು, ತೆಗೆಯುವಾಗಲೂ ತೊಂದರೆ ಆಗಬಹುದು, ಆಗ ಗಂಟಲಿನಲ್ಲಿ ತೂತು ಮಾಡಿ ನಳಿಗೆ ಹಾಕಬೇಕಾಗುತ್ತದೆ ಎಂದೆ. ಅಪ್ಪ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

"ಹಲ್ಲಿಗೆ ಗಂಟಲಾ ಯಾಕ ಕೊಯ್ಯೂದ್ರಿ?" ಎಂದು ಕೇಳಿದ.

ಅದನ್ನು ಅವನು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ. ನಾನು ದವಡೆಯ ಚಿತ್ರ ಬರೆದು, ಹಲ್ಲಿನ ಬೇರಿನಿಂದ ಕೀವು ಎಲ್ಲಿಗೆಲ್ಲ ಹರಿಯುತ್ತದೆಂದು ಗೆರೆ ಎಳೆದು ತೋರಿಸಿದೆ. ಅವನು ಚಿತ್ರ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. ಆಮೇಲೆ ಸಹಿ ಹಾಕಿದ.

ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಕೊಳವೆ ಇಳಿಸಿ, ಅದರ ಮೇಲೆ ನಳಿಗೆಯನ್ನು ಜಾರಿಸಿ ಶ್ವಾಸನಾಳಕ್ಕೆ ಮುಟ್ಟಿಸಬೇಕು. ಮೊದಲ ಸಲ ಆಗಲಿಲ್ಲ. ಜೊಲ್ಲು, ಬಾವು, ಏನೂ ಕಾಣುತ್ತಿರಲಿಲ್ಲ. ಆಮ್ಲಜನಕದ ಮಟ್ಟ ಹೇಳುವ ಯಂತ್ರದ ಸದ್ದು ಒಂದೊಂದೇ ಸ್ವರ ಇಳಿಯತೊಡಗಿತು. ಗಂಟಲಿನ ಸರ್ಜನ್ ಒಂದು ಹೆಜ್ಜೆ ಮುಂದೆ ಬಂದರು. ನರ್ಸು ಚಾಕುವಿನ ಹಿಡಿಯನ್ನು ಅವರ ಕಡೆ ತಿರುಗಿಸಿ ಹಿಡಿದಳು. ಅರಿವಳಿಕೆಯ ಡಾಕ್ಟರು ತಲೆ ಎತ್ತದೆ, "ಇನ್ನೊಂದೇ ಸಲ," ಎಂದರು. ಎರಡನೆಯ ಸಲ ನಳಿಗೆ ಒಳಗೆ ಹೋಯಿತು. ಸದ್ದು ಮೆಲ್ಲಗೆ ಮೇಲೇರಿತು.

ದವಡೆಯ ಅಂಚಿನಿಂದ ಕೆಳಗೆ, ಮುಖದ ನರ ತಪ್ಪಿಸಿ, ಒಂದೂವರೆ ಸೆಂಟಿಮೀಟರ್ ಕೊಯ್ದು ಮೊಂಡ ಚಿಮಟವನ್ನು ಒಳಗೆ ಬಿಟ್ಟು ಅದರ ತುದಿಗಳನ್ನು ಅಗಲಿಸಿದೆ. ಕೀವು ಬಂತು. ಮಗುವಿನ ಬಾಯಿಯಲ್ಲಿ ಅಷ್ಟೊಂದು ಇರಬಹುದೆಂದು ನಾನು ಊಹಿಸಿರಲಿಲ್ಲ. ಮತ್ತೆ ತುಂಬಿಕೊಳ್ಳದಂತೆ ರಬ್ಬರಿನ ಪಟ್ಟಿ ಇಟ್ಟು ಹೊಲಿದೆ. ಆಮೇಲೆ ಬಾಯಿ ಅಗಲಿಸುವ ಉಪಕರಣ ಇಟ್ಟು ತಿರುಗಿಸಿ, ಮೊದಲ ಬಾರಿಗೆ ಆ ಬಾಯಿಯೊಳಗೆ ನೋಡಿದೆ.

ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಒಸಡಿನ ಮಟ್ಟಕ್ಕೆ ಕರಗಿ ಕಪ್ಪು ಚುಕ್ಕೆಗಳಾಗಿದ್ದವು. ಎಂಟೂ ದವಡೆಹಲ್ಲುಗಳಲ್ಲಿ ಹುಳುಕು. ಕೆಳಗಿನ ಮುಂದಿನ ನಾಲ್ಕು ಮಾತ್ರ ಅಕ್ಕಿಯಷ್ಟು ಬಿಳಿ. ಈ ಮಾದರಿ ನಮ್ಮ ಪಠ್ಯದಲ್ಲೇ ಇದೆ. ಬಾಟಲಿ ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲುಗಳನ್ನು ಮುಚ್ಚುತ್ತದೆ. ಸಿಹಿ ಹಾಲೆಲ್ಲ ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ. ಇದು ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದ ಮಗು.

ಆ ದಿನ ಬಲಗಡೆಯ ಕೆಳಗಿನ ಎರಡು ದವಡೆಹಲ್ಲು ಮಾತ್ರ ಕಿತ್ತೆ. ಅಷ್ಟು ಜ್ವರದಲ್ಲಿ ಹೆಚ್ಚಿಗೆ ಮಾಡುವಂತಿರಲಿಲ್ಲ. ಹೊರಗೆ ಬಂದಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಆ ತಾಯಿಯ ಮೇಲೆ ಸಿಟ್ಟು.

ಮರುದಿನ ವಾರ್ಡಿನಲ್ಲಿ ಕೇಸ್ ಪೇಪರ್ ಹಿಡಿದು ಅವಳ ಮುಂದೆ ಕೂತೆ. ಮಗು ದಿನವಿಡೀ ಏನು ತಿನ್ನುತ್ತದೆ, ಏನು ಕುಡಿಯುತ್ತದೆ ಎಂದು ಗಂಟೆ ಗಂಟೆಗೆ ಬರೆದುಕೊಳ್ಳುವ ಪಟ್ಟಿಯೊಂದು ನಮ್ಮಲ್ಲಿದೆ. ಸಿಹಿ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎನ್ನುವುದೇ ಅದರಲ್ಲಿ ಮುಖ್ಯ. ಪ್ರತಿ ಗುಟುಕಿನ ಮೇಲೂ ಅರ್ಧ ಗಂಟೆ ಹಲ್ಲು ಹುಳಿಯಲ್ಲಿ ನೆನೆಯುತ್ತದೆ.

"ಬಾಟಲಿಯಲ್ಲಿ ಹಾಲು ಕೊಡುತ್ತೀಯಾ?"

"ನಮ್ಮ ಮನ್ಯಾಗ ಬಾಟ್ಲಿನೇ ಇಲ್ರಿ."

"ಸುಳ್ಳು ಹೇಳಬೇಡ. ಹಲ್ಲು ನೋಡಿದರೆ ಗೊತ್ತಾಗುತ್ತದೆ ನನಗೆ. ಚಾಕೊಲೇಟು?"

"ಇಲ್ರಿ ಅಕ್ಕಾರ."

"ಬೆಳಿಗ್ಗೆ ಎದ್ದ ಮೇಲೆ ಏನು?"

"ಚಾ, ರೊಟ್ಟಿ."

"ಆಮೇಲೆ?"

"ಆಮ್ಯಾಲ ಒಂಬತ್ತಕ್ಕ ನಿಮ್ಮ ಮನಿಗಿ ಬರ್ತೀವಲ್ರಿ."

"ಆಮೇಲೆ?"

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಎರಡಕ್ಕ ಮನಿಗಿ ಹೋಗಿ ಅನ್ನ ಉಣ್ತಾಳ್ರಿ. ಸಂಜಿಗಿ ಏನೂ ಇಲ್ಲ. ರಾತ್ರಿ ರೊಟ್ಟಿ, ಪಲ್ಯ."

ನಾನು ಗದರಿದೆ. ಪಕ್ಕದ ಹಾಸಿಗೆಯವರು ಕತ್ತು ತಿರುಗಿಸಿ ನೋಡುವಷ್ಟು ಜೋರಾಗಿಯೇ. ಮಗು ಹಟ ಮಾಡಿತೆಂದು ಕೈಗೆ ಬಾಟಲಿ ಕೊಟ್ಟು ಸುಮ್ಮನಾಗಿಸುವುದು, ಕೇಳಿದರೆ ಇಲ್ಲ ಎನ್ನುವುದು, ನಿನ್ನಂಥವರನ್ನು ದಿನಾ ನೋಡುತ್ತೇನೆ ಎಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಸಿಹಿಯ ಅಂಕಣದಲ್ಲಿ "ತಾಯಿ ಒಪ್ಪುವುದಿಲ್ಲ" ಎಂದು ಬರೆದೆ. ಪಟ್ಟಿಯಲ್ಲಿ ಒಂಬತ್ತರಿಂದ ಎರಡರವರೆಗಿನ ಐದು ಚೌಕಗಳು ಖಾಲಿ ಉಳಿದಿದ್ದವು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ನಾಲ್ಕನೆಯ ದಿನ ಜ್ವರ ಇಳಿಯಿತು, ಬಾಯಿ ಎರಡು ಬೆರಳಷ್ಟು ತೆರೆಯಿತು. ನರ್ಸು ಗಂಜಿ ತಂದಳು. ಹುಡುಗಿ ಚಮಚವನ್ನು ತಳ್ಳಿದಳು. ನಾನೇ ಪಕ್ಕದಲ್ಲಿ ಕೂತು ರಮಿಸಿದೆ.

"ಗಂಜಿ ಬ್ಯಾಡ. ಅಜ್ಜಿ ಬಾಟ್ಲಿ ಬೇಕು," ಎಂದಳು.

"ಯಾವ ಅಜ್ಜಿ? ಊರಿನ ಅಜ್ಜಿಯಾ?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ನಿಮ್ಮ ಮನಿ ಅಜ್ಜಿ."

ತಾಯಿ ಥಟ್ಟನೆ ಎದ್ದು, "ಸುಮ್ಮಕಿರು," ಎಂದು ಮಗುವಿನ ಬಾಯಿಯ ಹತ್ತಿರ ಕೈ ತಂದಳು. ನಂತರ ನನ್ನ ಕಡೆ ತಿರುಗದೆ ಗಂಜಿಯ ಬಟ್ಟಲನ್ನು ಎತ್ತಿಕೊಂಡು ತೊಳೆಯಲು ಹೋದಳು. ಅದರಲ್ಲಿ ಗಂಜಿ ಹಾಗೇ ಇತ್ತು.

ಆ ಸಂಜೆ ಮನೆಗೆ ಬಂದಾಗ ಅತ್ತೆ ವಾಕರ್ ಹಿಡಿದು ಬಾಗಿಲಿಗೇ ಬಂದಿದ್ದರು. "ಮಗು ಹೇಗುಂಟು? ಏನಾದರೂ ತಿಂದಿತಾ?" ಆ ನಾಲ್ಕೂ ದಿನ ಇದೇ ಪ್ರಶ್ನೆ.

"ಮಗು ಬಾಟಲಿ ಕೇಳುತ್ತಿದೆ ಅತ್ತೆ," ಎಂದೆ.

ಅವರ ಮುಖ ಅರಳಿತು. "ಕೇಳಿತಾ? ನಾಳೆ ತಕೊಂಡು ಹೋಗು. ಮೇಲಿನ ಕಪಾಟಿನಲ್ಲಿ ಉಂಟು ನೋಡು, ಸ್ಟೀಲಿನ ಡಬ್ಬಿಯ ಹಿಂದೆ."

ಅದು ನನ್ನ ಮಗನ ಬಾಟಲಿ. ಹದಿನೇಳು ವರ್ಷದ ಹಿಂದೆ ನಾನೇ ತಂದದ್ದು. ಕುದಿಸಿ ಆರಿಸಿದ ನೀರು ಬಿಟ್ಟು ಬೇರೇನನ್ನೂ ಅದರಲ್ಲಿ ಹಾಕಲು ಬಿಟ್ಟಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು, ಒಂದು ಅಡುಗೆ ಹೇಳಿಕೊಡುವಷ್ಟು ಸಂತೋಷದಿಂದ ಹೇಳಿದರು. ಬಂದ ಕೂಡಲೇ ಒಂದು ಬಾಟಲಿ ಹಾಲು, ಎರಡು ಚಮಚ ಸಕ್ಕರೆ, ಒಂದು ಚಮಚ ಚಾಕೊಲೇಟ್ ಪುಡಿ. ಟಿವಿ ನೋಡುವಾಗ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಅಮ್ಮ ನೆಲ ಒರೆಸುವಾಗ ಅತ್ತರೆ ಕಲ್ಲುಸಕ್ಕರೆ. ಹನ್ನೊಂದೂವರೆಗೆ ಇನ್ನೊಂದು ಬಾಟಲಿ ಕೊಟ್ಟು ತಮ್ಮ ಮಂಚದಲ್ಲೇ ಮಲಗಿಸಿಕೊಳ್ಳುವುದು.

"ನಿದ್ದೆ ಬಂದ ಮೇಲೂ ಚೀಪ್ತಾ ಇರ್ತದೆ ಪಾಪದ್ದು. ತೆಗೀಲಿಕ್ಕೆ ಹೋದ್ರೆ ಎದ್ದುಬಿಡ್ತದೆ, ಹಾಗೆ ಬಿಡ್ತೇನೆ," ಎಂದರು. ಸ್ವಲ್ಪ ತಡೆದು, ದೂರುವ ಧ್ವನಿಯಲ್ಲಲ್ಲ, ಸುಮ್ಮನೆ ನೆನಪಾಗಿ ಹೇಳಿದರು. "ನಿನ್ನ ಮಗನಿಗೆ ಒಂದು ಚೂರು ಬೆಲ್ಲ ಕೊಡ್ಲಿಕ್ಕೆ ನೀನು ಬಿಡ್ಲಿಲ್ಲ. ಇದಕ್ಕಾದ್ರೂ ಕೊಟ್ಟೆ."

ನಾನು ಕೈಕಾಲು ತೊಳೆಯಲು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟು ನಿಂತೆ.

ಎರಡು ವಾರದ ಮೇಲೆ ಎರಡನೆಯ ಬಾರಿ ಅರಿವಳಿಕೆ ಕೊಟ್ಟು ಉಳಿಸಲಾಗದ ಇನ್ನೂ ಏಳು ಹಲ್ಲು ತೆಗೆದೆ. ಉಳಿಸಬಹುದಾದ ಮೂರು ದವಡೆಹಲ್ಲುಗಳಿಗೆ ಸ್ಟೀಲಿನ ಟೋಪಿ ಹಾಕಿದೆ. ಇಪ್ಪತ್ತರಲ್ಲಿ ಒಂಬತ್ತು ಹೋದವು. ಮೇಲಿನ ಮುಂದಿನ ಹಲ್ಲು ಮತ್ತೆ ಹುಟ್ಟಲು ಇನ್ನೂ ಮೂರು ವರ್ಷ ಬೇಕು.

ಆ ಎರಡು ವಾರವೂ ಅತ್ತೆಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಬಾಟಲಿ ಒಡೆಯಿತು ಎನ್ನಬಹುದಿತ್ತು. ಡಾಕ್ಟರ ಪಥ್ಯ ಎಂದು ಬಿಸ್ಕತ್ತು ನಿಲ್ಲಿಸಬಹುದಿತ್ತು. ಎಪ್ಪತ್ತೆಂಟರ ಜೀವ, ಹೊರಗೆ ಕಾಲಿಡಲಾಗದವರು, ಅವರಿಗಿದ್ದ ಒಂದೇ ಸಂತೋಷ ಆ ಮಗು. ಆದರೆ ಪಥ್ಯ ಎಂದರೆ ಅತ್ತೆ ಒಂದು ತಿಂಗಳು ತಡೆಯುತ್ತಿದ್ದರು. ಮಗು ಅತ್ತ ದಿನ ಕಲ್ಲುಸಕ್ಕರೆ ಮತ್ತೆ ಕೈಗೆ ಬರುತ್ತಿತ್ತು. ವಾರ್ಡಿನಲ್ಲಿ ಅಷ್ಟು ಜನರ ಮುಂದೆ ಗದರಿಸಿಕೊಂಡರೂ ಆ ತಾಯಿ ಯಾರ ಹೆಸರನ್ನು ಬಾಯಿಬಿಡಲಿಲ್ಲವೋ, ಆ ಹೆಸರನ್ನು ನಾನೂ ಮುಚ್ಚಿಟ್ಟರೆ ಕೇಸ್ ಪೇಪರಿನಲ್ಲಿ ಉಳಿಯುವುದು ಅವಳು ಸುಳ್ಳು ಹೇಳಿದಳೆಂಬ ಮಾತು ಮಾತ್ರ. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕೊಟ್ಟು ಎದುರಿಗೆ ಕೂತು ಹೇಳಿದೆ.

ಅತ್ತೆ ಕಾಫಿ ಕೆಳಗಿಟ್ಟರು.

"ಎಷ್ಟು ಹಲ್ಲು ತೆಗೆದದ್ದು?"

"ಒಂಬತ್ತು."

"ಗಂಟಲ ಹತ್ರ ಕೊಯ್ದದ್ದೂ ಇದರದ್ದೇಯಾ?"

"ಹೌದು ಅತ್ತೆ."

ಅತ್ತೆ ವಾಕರ್ ಹಿಡಿದು ಅಡುಗೆಮನೆಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಹೋಗಿ ನೋಡುವಾಗ ಬಾಟಲಿಯನ್ನು, ನಿಪ್ಪಲನ್ನು, ಮುಚ್ಚಳವನ್ನು ಬೇರೆಬೇರೆಯಾಗಿ ತೊಳೆದು, ಒರೆಸಿ, ಕಸದ ಡಬ್ಬಿಗೆ ಹಾಕಿದ್ದರು.

ಹುಡುಗಿ ಮತ್ತೆ ಮನೆಗೆ ಬರತೊಡಗಿದಳು. ಮೊದಲ ಹತ್ತು ದಿನ ಬಾಟಲಿಗಾಗಿ ಅತ್ತಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರಂತೆ. ನಾನೊಂದು ಕ್ರಮ ಹಾಕಿಕೊಟ್ಟೆ: ಹತ್ತಕ್ಕೆ ಲೋಟದಲ್ಲಿ ಸಪ್ಪೆ ಹಾಲು, ಹನ್ನೆರಡೂವರೆಗೆ ಅನ್ನ, ನಡುವೆ ಬರೀ ನೀರು, ಹಸಿವಾದರೆ ಸೌತೆಕಾಯಿ, ಬೇಯಿಸಿದ ಶೇಂಗಾ. ಅತ್ತೆ ಅದನ್ನು ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪದಿರುವುದೇ ಹೆದರಿಕೆ ಹುಟ್ಟಿಸುವ ಹಾಗಿತ್ತು. ದಿನಾ ಓಪಿಡಿಯ ನಡುವೆ ಫೋನು ಬರುತ್ತಿತ್ತು. ನನ್ನ ಕೈಯಲ್ಲಿ ಗ್ಲೌಸು, ನರ್ಸು ಫೋನನ್ನು ಕಿವಿಗೆ ಹಿಡಿಯುತ್ತಿದ್ದಳು.

"ಮಗು ಚಿಕ್ಕು ಕೇಳ್ತಾ ಉಂಟು. ಕೊಡ್ಬಹುದಾ?"

"ಊಟದ ಜೊತೆಗೆ ಕೊಡಿ ಅತ್ತೆ."

"ಎಷ್ಟು? ಅರ್ಧವಾ, ಕಾಲಾ?"

ಮೊಸರನ್ನಕ್ಕೂ ಕೇಳಿದರು. ಒಂದು ದಿನ ನೀರಿಗೂ ಕೇಳಿದರು. ತಾವಾಗಿ ಆ ಮಗುವಿನ ಕೈಗೆ ಅವರು ಮತ್ತೆ ಏನನ್ನೂ ಇಡಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ವಿಭಾಗದ ಕೇಸ್ ಚರ್ಚೆಯಲ್ಲಿ ನನ್ನ ಸರದಿ ಬಂತು. ಇದನ್ನೇ ಹೇಳಬೇಕು, ಖಾಲಿ ಬಿಟ್ಟ ಐದು ಚೌಕಗಳನ್ನು ತುಂಬಿಸಿಯೇ ಹೇಳಬೇಕು ಎಂದು ತೀರ್ಮಾನಿಸಿದೆ. ಹಗಲು ಮಗು ಇದ್ದದ್ದು ಚಿಕಿತ್ಸೆ ಮಾಡಿದ ಡಾಕ್ಟರ ಮನೆಯಲ್ಲೇ ಎಂದು ಬರೆದೆ. ಭಾನುವಾರ ಹುಡುಗಿಯ ತಾಯಿಯನ್ನು ಕರೆದು ಮಗುವಿನ ಚಿತ್ರ ತೋರಿಸಲು ಒಪ್ಪಿಗೆ ಕೇಳಿದೆ. ಅವಳು ಪಾತ್ರೆ ಉಜ್ಜುತ್ತಿದ್ದಳು.

"ತೋರಸ್ರಿ. ಮಾರಿ ಮಾತ್ರ ತೋರಸಬ್ಯಾಡ್ರಿ," ಎಂದಳು.

ಮಗುವಿನ ಮುಖ ಎಲ್ಲೂ ಬರುವುದಿಲ್ಲ ಎಂದು, ವಾರ್ಡಿನಲ್ಲಿ ಗದರಿದ್ದಕ್ಕೆ ಕ್ಷಮೆ ಕೇಳಿದೆ. ಅವಳಿಗೆ ಮುಜುಗರವಾಯಿತು. ಆಗಲೇ ಯಾಕೆ ಹೇಳಲಿಲ್ಲ ಎಂದೆ.

"ಅಮ್ಮಾರ ಹೆಸರ ನಿಮ್ಮ ಮುಂದ ಹೆಂಗ ಹೇಳ್ಲಿ? ನನ್ನ ಕೂಸಿಗಿ ಅವರಷ್ಟು ಯಾರೂ ಮಾಡಿಲ್ರಿ."

"ಅದು ಸರಿ. ಹಲ್ಲು ಕಪ್ಪಾಗುವುದು ಕಂಡಾಗಲಾದರೂ ನನಗೊಂದು ಮಾತು ಹೇಳಬಹುದಿತ್ತಲ್ಲ."

ಅವಳು ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. "ಹೇಳಿದ್ದೆನಲ್ರಿ ಅಕ್ಕಾರ. ಹ್ವಾದ ದೀಪಾವಳಿ ಮುಂದ. ಕೂಸಿನ ಕೈ ಹಿಡ್ಕೊಂಡು ನಿಮ್ಮ ಮುಂದ ನಿಂದರಿಸಿದ್ದೆ. ನೀವು ಫೋನಿನ್ಯಾಗ ಏನೋ ಓದ್ಕೋತ ಇದ್ರಿ. ಹಾಲಹಲ್ಲು ಅವು, ಬಿದ್ದು ಹೋಗ್ತಾವ, ಹೊಸಾವು ಬರ್ತಾವ ಅಂದ್ರಿ." ನಲ್ಲಿ ತಿರುಗಿಸಿ ಒಂದು ತಟ್ಟೆಯನ್ನು ನೀರಿಗೆ ಹಿಡಿದಳು. "ಅದಕ್ಕ, ಬಿದ್ದು ಹೋಗ್ಲಿ ಅಂತ ಕಾಯ್ಕೋತ ಇದ್ದೆ."

ನನಗೆ ಅದು ನೆನಪಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಸೋಫಾ ನೆನಪಾಗುತ್ತದೆ, ಕಿಟಕಿಗೆ ಕಟ್ಟಿದ ದೀಪದ ಸರ ನೆನಪಾಗುತ್ತದೆ, ಮಗು ಎದುರಿಗೆ ನಿಂತದ್ದು ನೆನಪಾಗುವುದಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ. ಹಾಲುಹಲ್ಲು ಬಿದ್ದುಹೋಗುತ್ತದೆ ಎಂಬ ಮಾತನ್ನು ತಾಯಂದಿರ ಮುಂದೆ ಎಂದೂ ಆಡಬೇಡಿ ಎಂದು ನನ್ನ ಮೊದಲ ತರಗತಿಯಲ್ಲೇ ನಾನು ಹೇಳುತ್ತೇನೆ. ಹೊಸ ಹಲ್ಲಿಗೆ ಜಾಗ ಕಾಯುವುದು ಅವೇ, ಅವುಗಳ ಬೇರಿನ ಕೀವು ದೊಡ್ಡವರ ಕೀವಿನಷ್ಟೇ ಕೊಲ್ಲಬಲ್ಲದು ಎನ್ನುತ್ತೇನೆ. ಈಗ ಆ ವಾಕ್ಯದ ಹತ್ತಿರ ಬಂದಾಗಲೆಲ್ಲ ನನ್ನದೇ ಧ್ವನಿ, ನಾನು ಕೇಳಿಸಿಕೊಂಡಿರದ ಧ್ವನಿ, ಬಿದ್ದುಹೋಗುತ್ತವೆ ಬಿಡು ಎನ್ನುತ್ತದೆ.

ಚರ್ಚೆಯ ದಿನ ಎಕ್ಸ್‌ರೇ, ಕೊಯ್ದ ಜಾಗ, ಆಹಾರದ ಪಟ್ಟಿ, ಎಲ್ಲ ತೋರಿಸಿದೆ. ಕೊನೆಗೆ ಎದುರು ಸಾಲಿನ ಕಿರಿಯ ಡಾಕ್ಟರೊಬ್ಬಳು ಕೈ ಎತ್ತಿದಳು.

"ಮ್ಯಾಡಮ್, ಹಲ್ಲು ಹಾಳಾಗುತ್ತಿರುವುದು ಮೊದಲು ಯಾರಿಗೆ ಗೊತ್ತಾಯಿತು?"

"ತಾಯಿಗೆ. ಎಂಟು ತಿಂಗಳು ಮುಂಚೆ."

ಅವಳು ಬರೆದುಕೊಂಡಳು. "ಹಾಗಾದರೆ ಆಗಲೇ ಯಾಕೆ ಡೆಂಟಿಸ್ಟಿಗೆ ತೋರಿಸಲಿಲ್ಲ?"

ಪರದೆಯ ಮೇಲೆ ಆ ಬಾಯಿಯ ಚಿತ್ರ ಇನ್ನೂ ಇತ್ತು.

"ತೋರಿಸಿದ್ದಳು," ಎಂದೆ.